ನೆಂಟ ಹೆಂಗಾಯ್ತದಕ್ಕ?

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದವನು ನಮ್ಮ ರಸ್ತೆಗೆ ಕೊಂಬೆ ಕಡಿಯಲು ಬಂದಿದ್ದ ಹುಡುಗ. ಹೆಚ್ಚೆಂದರೆ ಇಪ್ಪತ್ತೆರಡು ವರ್ಷ ಇರಬಹುದು, ಶ್ರೀರಂಗಪಟ್ಟಣದ ಹತ್ತಿರದ ಊರಿನವನು.

ದಸರಾ ಬಂತಲ್ಲ, ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ತೆಗೆಯುತ್ತಿದ್ದರು. ಕುವೆಂಪುನಗರದ ನಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇದೆ. ಹಿಂದಿನ ದಿನ ಬೆಳಿಗ್ಗೆಯಷ್ಟೇ ಅದರಿಂದ ಈ ವರ್ಷದ ಮೊದಲ 'ಚಿವೀ' ಕೇಳಿಸಿತ್ತು. ಹಾಲು ಕಾಯಲು ಇಟ್ಟಿದ್ದವಳು ಸ್ಟವ್ ಆರಿಸಿ ಹೊರಗೆ ಓಡಿದ್ದೆ.

ಗ್ರೀನಿಶ್ ವಾರ್ಬ್ಲರ್. ಈ ಗುಂಪಿನ ಹಕ್ಕಿಗಳಿಗೆ ಕನ್ನಡದಲ್ಲಿ ಉಲಿಯಕ್ಕಿ ಅಂತೀವಿ. ನೋಡಿದರೆ ಯಾರೂ ತಿರುಗಿ ನೋಡದಂಥ ಹಕ್ಕಿ. ಹತ್ತು ಸೆಂಟಿಮೀಟರ್ ಉದ್ದ, ಸುಮಾರು 8 ಗ್ರಾಂ, ಅಂದರೆ ಒಂದು ಹತ್ತು ರೂಪಾಯಿ ನಾಣ್ಯದ ತೂಕ. ಬೆನ್ನು ಮಾಸಲು ಹಸಿರು, ಹೊಟ್ಟೆ ಬಿಳಿಚು, ಕಣ್ಣಿನ ಮೇಲೆ ತೆಳು ಹುಬ್ಬು, ರೆಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಒಂದು ಸಣ್ಣ ಗೆರೆ. ಒಂದು ಕಡೆ ಕೂರುವುದೇ ಇಲ್ಲ. ಎಲೆಯ ಅಡಿಗೆ ಹೋಗಿ, ಅಲ್ಲೇ ಗಾಳಿಯಲ್ಲಿ ಒಂದು ಕ್ಷಣ ರೆಕ್ಕೆ ಬಡಿಯುತ್ತಾ ನಿಂತು, ಹುಳ ಎತ್ತಿಕೊಂಡು ಮುಂದಿನ ಎಲೆಗೆ. ಇಷ್ಟು ಪುಟ್ಟ ಜೀವ ಮರಿ ಮಾಡುವುದು ಬಾಲ್ಟಿಕ್ ಸಮುದ್ರದ ಕಡೆಯಿಂದ ಸೈಬೀರಿಯಾವರೆಗೆ, ಹಿಮಾಲಯದಲ್ಲೂ. ಅಲ್ಲಿಂದ ರಾತ್ರಿ ಹೊತ್ತು ಹಾರಿಕೊಂಡು ನಮ್ಮ ಹೊಂಗೆಗೆ ಬರುತ್ತದೆ.

ಹುಡುಗ ಮಚ್ಚು ಹಿಡಿದು ಏಣಿ ಹತ್ತುವಾಗ ನಾನು ಕೆಳಗಿನಿಂದ ಕೂಗಿದೆ. "ಆ ಕಡೆ ಕೊಂಬೆ ತಂತಿಗೆ ದೂರ ಇದೆ, ಬಿಟ್ಬಿಡಪ್ಪ. ದೂರದಿಂದ ಒಂದು ನೆಂಟ ಹಕ್ಕಿ ಬಂದಿದೆ."

"ಎಷ್ಟು ದಿನ ಇರ್ತದೆ?"

"ಏಪ್ರಿಲ್‌ವರೆಗೂ."

ಅವನು ಏಣಿ ಮೇಲೆ ನಿಂತೇ ಬೆರಳು ಮಡಿಸಿದ. ಸೆಪ್ಟೆಂಬರ್, ಅಕ್ಟೋಬರ್... "ಎಂಟು ತಿಂಗ್ಳು ಇದ್ರೆ ಅದು ನೆಂಟ ಹೆಂಗಾಯ್ತದಕ್ಕ? ಮನೆಯೋರೇ ಅಲ್ವಾ?"

ಆ ಕೊಂಬೆ ಬಿಟ್ಟ. ಉಳಿದದ್ದು ಹೋಯಿತು.

ಎದುರು ಮನೆಯವರಿಗೆ ಮಾತ್ರ ಸಮಾಧಾನ ಇಲ್ಲ. ಎಲೆ ಉದುರಿ ಅವರ ಕಾರು ಕೊಳೆಯಾಗುತ್ತದಂತೆ, ಇಡೀ ಮರವನ್ನೇ ತೆಗೆಸಬೇಕಂತೆ. ಒಳ್ಳೆಯವರೇ, ಅಮ್ಮನಿಗೆ ಹುಷಾರಿಲ್ಲದಾಗ ಮಧ್ಯರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ಮರದ ವಿಷಯಕ್ಕೆ ಅವರಿಗೂ ನನಗೂ ಆಗುವುದಿಲ್ಲ. ಅವರ ಕಾಂಪೌಂಡಿನ ಮಾವು ಹಣ್ಣು ಕೊಡುತ್ತದೆ, ಅದಕ್ಕೇ ಉಳಿದಿದೆ.

ನೆಂಟ ಹೆಂಗಾಯ್ತದಕ್ಕ? ಇಷ್ಟು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ, ನನಗೆ ಹೊಳೆಯಲೇ ಇಲ್ಲ ನೋಡಿ. ವಲಸೆ ಹಕ್ಕಿ, ಅತಿಥಿ, ಅಂತಲೇ ನಾವು ಬರೆಯುವುದು. ಆದರೆ ಇದು ಇಲ್ಲಿ ನೆಂಟರ ಹಾಗೆ ಇರುವುದೂ ಇಲ್ಲ. ಒಂದೊಂದು ಹಕ್ಕಿಯೂ ತನ್ನದೇ ಜಾಗ ಹಿಡಿದುಕೊಂಡು, ಹೆಣ್ಣಾದರೂ ಗಂಡಾದರೂ ಒಂಟಿಯಾಗಿ, ದಿನವಿಡೀ 'ಚಿವೀ, ಚಿವೀ' ಅಂತ ಕೂಗಿ ಕಾಯುತ್ತದೆ. ಇನ್ನೊಂದು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಅಲ್ಲಿಗೆ ಹೋಗುವುದು ಮರಿ ಮಾಡಲು, ಬೇಸಿಗೆಯ ಕೆಲವು ವಾರ. ಬಾಳುವುದು ಇಲ್ಲಿ. ಬಾಣಂತನಕ್ಕೆ ತವರಿಗೆ ಹೋಗಿ ಬರುವವರನ್ನು ತವರಿನವರು ಅಂತ ಲೆಕ್ಕ ಹಾಕುತ್ತೀವಾ?

ಇನ್ನೊಂದು ಸಂಗತಿ ಓದಿದಾಗಿನಿಂದ ಮನಸ್ಸಿನಲ್ಲಿದೆ. ಟಿಬೆಟ್ ಪ್ರಸ್ಥಭೂಮಿಯ ಸುತ್ತ ಇದರ ಬಳಗ ಉಂಗುರದ ಹಾಗೆ ಹರಡಿದೆ. ಹಾಡು ಜಾಗದಿಂದ ಜಾಗಕ್ಕೆ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ. ಎರಡು ತುದಿಗಳು ಸೈಬೀರಿಯಾದಲ್ಲಿ ಎದುರಾದಾಗ ಒಂದರ ಹಾಡು ಇನ್ನೊಂದಕ್ಕೆ ತನ್ನವರದ್ದು ಅಂತ ಅನಿಸುವುದೇ ಇಲ್ಲ, ಜೋಡಿಯಾಗುವುದೂ ತೀರಾ ಅಪರೂಪ. ಒಂದೇ ಬಳಗ, ಗುರುತಿಲ್ಲ. ಇಲ್ಲಿ, ಅದನ್ನು ಕಣ್ಣಲ್ಲೂ ನೋಡದ ಹುಡುಗ ಮನೆಯೋರೇ ಅಲ್ವಾ ಅಂದುಬಿಟ್ಟ.

ಮೂರು ದಿನ ಸದ್ದಿರಲಿಲ್ಲ. ನನಗೆ ಊಟವೇ ಸೇರಲಿಲ್ಲ. ಇವತ್ತು ಬೆಳಿಗ್ಗೆ ಕೇಳಿಸಿತು, ಅವನು ಬಿಟ್ಟ ಕೊಂಬೆಯಿಂದಲ್ಲ, ಎದುರು ಮನೆಯ ಮಾವಿನಿಂದ. ಅವರು ಅದರ ಕೆಳಗೇ ಕೂತು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ನಾಳೆ ಹೋಗಿ ತೋರಿಸಬೇಕು.