ತುಟಿ ಒಬ್ಬರದು, ದನಿ ಇನ್ನೊಬ್ಬರದು: ಕಿಶೋರ್ ಕುಮಾರ್ ಹಾಸ್ಯದ ಕಸುಬು

1958ರ 'ರಾಗಿಣಿ' ಚಿತ್ರದ ನಾಯಕ ಕಿಶೋರ್ ಕುಮಾರ್. ಅದರಲ್ಲಿ ಅವರು ತೆರೆಯ ಮೇಲೆ ಹಾಡುವ ಒಂದು ಹಾಡಿಗೆ ದನಿ ಮೊಹಮ್ಮದ್ ರಫಿಯದು. ಹಾಡು ಶಾಸ್ತ್ರೀಯ ಧಾಟಿಯದು, ಸಂಗೀತ ಓ.ಪಿ. ನಯ್ಯರ್ ಅವರದು. ಮರುವರ್ಷ 'ಶರಾರತ್' ಚಿತ್ರದಲ್ಲೂ ಹೀಗೇ ಆಯಿತು. ಮುಂದೆ ಹಿಂದಿ ಚಿತ್ರರಂಗದ ಅತಿ ದೊಡ್ಡ ಹಿನ್ನೆಲೆ ಗಾಯಕನಾದವನಿಗೇ ಒಂದು ಕಾಲದಲ್ಲಿ ಬೇರೆಯವರು ಹಿನ್ನೆಲೆ ಹಾಡಿದರು ಎಂಬುದನ್ನು ಜನ ತಮಾಷೆಯ ಸಂಗತಿಯೆಂದು ಹೇಳಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಕಿಶೋರ್ ಕುಮಾರ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಹೊರಡಬೇಕು. ಅವರ ಹಾಸ್ಯಕ್ಕೆ ಬಂಡವಾಳವೇ ದನಿಗೂ ದೇಹಕ್ಕೂ ತಾಳೆಯಾಗದ ಜಾಗ. ಆ ಜಾಗವನ್ನು ಅವರಷ್ಟು ದುಡಿಸಿಕೊಂಡ ನಟ ನಮ್ಮಲ್ಲಿ ಇನ್ನೊಬ್ಬನಿಲ್ಲ.

ಮೊದಲು ಬದುಕಿನ ವಿವರ ಚುಟುಕಾಗಿ. ಹುಟ್ಟಿದ್ದು 1929ರ ಆಗಸ್ಟ್ 4, ಈಗಿನ ಮಧ್ಯಪ್ರದೇಶದ ಖಂಡ್ವಾದಲ್ಲಿ. ಹುಟ್ಟುಹೆಸರು ಆಭಾಸ್ ಕುಮಾರ್ ಗಂಗೂಲಿ, ತಂದೆ ವಕೀಲರು, ಮನೆಮಾತು ಬಂಗಾಳಿ. ಓದಿದ್ದು ಇಂದೋರಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅಲ್ಲಿನ ಕ್ಯಾಂಟೀನಿನಲ್ಲಿ ಉಳಿಸಿಕೊಂಡ ಐದು ರೂಪಾಯಿ ಹನ್ನೆರಡಾಣೆ ಸಾಲವೇ ಮುಂದೆ ಒಂದು ಹಾಡಿನ ಪಲ್ಲವಿಯಾಯಿತು ಎಂಬ ಕತೆ ಪ್ರಚಲಿತ. ಅಣ್ಣ ಅಶೋಕ್ ಕುಮಾರ್ ಆಗಲೇ ಬಾಂಬೆ ಟಾಕೀಸ್ ಎಂಬ ಚಿತ್ರಸಂಸ್ಥೆಯ ದೊಡ್ಡ ತಾರೆ. ಅಣ್ಣನ ನೆರಳಿನಲ್ಲಿ ತಮ್ಮ 1946ರ 'ಶಿಕಾರಿ'ಯಲ್ಲಿ ಮುಖ ತೋರಿಸಿದರು. 1948ರ 'ಜಿದ್ದಿ'ಯಲ್ಲಿ ಖೇಮಚಂದ್ ಪ್ರಕಾಶ್ ಸಂಗೀತದಲ್ಲಿ ದೇವ್ ಆನಂದ್‌ಗೆ ಹಾಡಿದರು. ಆ ಹಾಡನ್ನು ಈಗ ಕೇಳಿದರೆ ಆ ಕಾಲದ ಹೆಸರಾಂತ ಗಾಯಕ-ನಟ ಕೆ.ಎಲ್. ಸೈಗಲ್ ಅವರ ಭಕ್ತನೊಬ್ಬ ಹಾಡಿದಂತಿದೆ: ಮೂಗಿನ ತುದಿಯಲ್ಲಿ ನಿಂತ ನಾದ, ಸಾಲಿನ ಕೊನೆಯಲ್ಲಿ ಬೀಳುವ ಸ್ವರ. ಸೈಗಲ್ ಅನುಕರಣೆ ಬಿಡು, ನಿನ್ನದೇ ಶಾರೀರದಲ್ಲಿ ಹಾಡು ಎಂದು ತಿದ್ದಿದವರು ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್.

ಶಾಸ್ತ್ರೀಯ ಶಿಕ್ಷಣ ಇರಲಿಲ್ಲ. ಇದು ಅವರನ್ನು ಬಹಳ ದಿನ ಕಾಡಿತು. 1954ರ 'ನೌಕರಿ'ಗೆ ನಿರ್ದೇಶಕ ಬಿಮಲ್ ರಾಯ್ ಕಿಶೋರರನ್ನೇ ನಾಯಕನನ್ನಾಗಿ ಆರಿಸಿದ್ದರೂ ಸಂಗೀತ ನಿರ್ದೇಶಕ ಸಲಿಲ್ ಚೌಧರಿಗೆ ಹಾಡಲು ಹೇಮಂತ್ ಕುಮಾರ್ ಬೇಕಿತ್ತು. ಕಲಿಯದ ಹುಡುಗ ಎಂಬ ಅನುಮಾನ. ನಾಯಕನ ಪಾತ್ರ ಕೈಯಲ್ಲಿದ್ದೂ ತನ್ನ ಹಾಡನ್ನು ತಾನೇ ಹಾಡಲು ಬೇಡಿಕೊಳ್ಳಬೇಕಾದ ಸ್ಥಿತಿ. ಐವತ್ತರ ದಶಕದ ಕಿಶೋರ್ ಅಂದರೆ ಮುಖ್ಯವಾಗಿ ಹಾಸ್ಯ ನಾಯಕ, ಹಾಡು ಅದರ ಜೊತೆಗೆ ಬಂದದ್ದು.

ಆ ಹಾಸ್ಯದ ಬಗೆ ನೋಡಿ. 1956ರ 'ನ್ಯೂ ಡೆಲ್ಲಿ'ಯಲ್ಲಿ ದಿಲ್ಲಿಯಲ್ಲಿ ಬಾಡಿಗೆ ಕೋಣೆ ಸಿಗದ ಪಂಜಾಬಿ ಹುಡುಗ ತಮಿಳನ ವೇಷ ಹಾಕುತ್ತಾನೆ. ಮರುವರ್ಷದ 'ಆಶಾ'ದಲ್ಲಿ ಸಿ. ರಾಮಚಂದ್ರ ಕೊಟ್ಟ 'ಈನಾ ಮೀನಾ ಡೀಕಾ'. ಅರ್ಥವಿಲ್ಲದ ಅಕ್ಷರಗಳನ್ನು ಅರ್ಥವಿದೆಯೇನೋ ಎಂಬ ಗಾಂಭೀರ್ಯದಲ್ಲಿ ಹಾಡುವುದು ಅಲ್ಲಿನ ಗುಟ್ಟು. 1958ರ 'ಚಲ್ತಿ ಕಾ ನಾಮ್ ಗಾಡಿ'ಯಲ್ಲಿ ಗಂಗೂಲಿ ಸಹೋದರರು ಮೂವರೂ ಇದ್ದಾರೆ, ಜೊತೆಗೆ ಮಧುಬಾಲಾ. ಮಳೆಯ ರಾತ್ರಿ ಗ್ಯಾರೇಜಿಗೆ ಬಂದ ಹುಡುಗಿಯ ಕಾರು ರಿಪೇರಿ ಮಾಡುತ್ತ ಹಾಡುವ ಹಾಡಿಗೆ ಎಸ್.ಡಿ. ಬರ್ಮನ್ ಅಮೆರಿಕದ ಗಣಿ ಕಾರ್ಮಿಕರ ಗೀತೆಯೊಂದರ ನಡೆಯಿಂದ ಪ್ರೇರಣೆ ಪಡೆದಿದ್ದರು. ಕೈಯಲ್ಲಿ ಮೆಕ್ಯಾನಿಕ್‌ನ ಸಾಮಾನು, ಅದೇ ತಾಳವಾದ್ಯ. ಕೈ ಕೆಲಸ ಮಾಡುತ್ತದೆ, ಕಣ್ಣು ಹುಡುಗಿಯ ಮೇಲಿದೆ, ದನಿ ಎರಡಕ್ಕೂ ಸಂಬಂಧವಿಲ್ಲದಂತೆ ತನ್ನ ಪಾಡಿಗೆ ಕೆಳಸ್ಥಾಯಿಯಲ್ಲಿ ನಡೆದಿದೆ. ಮೂರು ಕೆಲಸ ಮೂರು ದಿಕ್ಕಿಗೆ ಹೋಗುತ್ತಿದ್ದರೂ ಲಯ ಎಲ್ಲೂ ಜಾರುವುದಿಲ್ಲ. ಇಷ್ಟು ಲಯಜ್ಞಾನ ಇರುವವನನ್ನು 'ಕಲಿಯದವನು' ಅನ್ನುವುದು ಸ್ವಲ್ಪ ವಿಚಿತ್ರವೇ.

ಇನ್ನು ಯೋಡಲಿಂಗ್, ಅಂದರೆ ದಪ್ಪ ದನಿಗೂ ತೆಳು ದನಿಗೂ ನಡುವೆ ಥಟ್ಟನೆ ನೆಗೆಯುತ್ತ ಹಾಡುವುದು. ಕಿಶೋರ್ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವ ಆ 'ಯೂಡ್ಲೆ ಯೂಡ್ಲೆ'. ಅಣ್ಣ ಅನೂಪ್ ಕುಮಾರ್ ತಂದಿಟ್ಟಿದ್ದ ವಿದೇಶಿ ಗ್ರಾಮಫೋನ್ ತಟ್ಟೆಗಳನ್ನು, ಮುಖ್ಯವಾಗಿ ಜಿಮ್ಮಿ ರಾಜರ್ಸ್ ಮತ್ತು ಟೆಕ್ಸ್ ಮಾರ್ಟನ್ ಅವರದನ್ನು, ಕೇಳಿ ಕಲಿತದ್ದು. ಕಿಶೋರರೇ ಸಂಗೀತ ಕೊಟ್ಟ 1961ರ 'ಝುಮ್ರೂ'ನಲ್ಲಿ ಅದು ತುಂಬಿ ಹರಿಯಿತು, 1971ರ 'ಅಂದಾಜ್'ನಲ್ಲಿ ಊರೂರಿಗೆ ತಲುಪಿತು.

ಗಂಟಲಲ್ಲಿ ಆಗುವುದೇನು? ಮಾತಾಡುವ ದಪ್ಪ ದನಿಯಲ್ಲಿ ಧ್ವನಿತಂತುಗಳು ಪೂರ್ತಿ ದಪ್ಪಕ್ಕೆ ಕಂಪಿಸುತ್ತವೆ. ಹೆಣ್ಣುದನಿಯಂತೆ ತೆಳುವಾದ ಕಳ್ಳದನಿಯಲ್ಲಿ (ಫಾಲ್ಸೆಟೊ) ತಂತು ತೆಳುವಾಗಿ ಹಿಗ್ಗಿ ಅಂಚು ಮಾತ್ರ ಕಂಪಿಸುತ್ತದೆ. ಎರಡರ ನಡುವೆ ಒಂದು ಮುರಿತವಿದೆ. ಸಾಮಾನ್ಯ ಗಂಡು ಕಂಠದಲ್ಲಿ ಅದು ಕೀಬೋರ್ಡಿನ ಮಧ್ಯದ ಸಿ ದಾಟಿದ ಮೇಲೆ, ಡಿ-ಇ-ಎಫ್ ಆಸುಪಾಸಿನಲ್ಲಿ. ಸಾಮಾನ್ಯವಾಗಿ ಗಾಯಕರು ಈ ಮುರಿತವನ್ನು ಮುಚ್ಚಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಯೋಡಲಿಂಗ್ ಅಂದರೆ ಅದನ್ನೇ ಎತ್ತಿ ತೋರಿಸುವುದು.

ಪ್ರಯತ್ನಿಸುವವರು ಷಡ್ಜವನ್ನು, ಅಂದರೆ 'ಸ' ಸ್ವರವನ್ನು, ಮಧ್ಯದ ಸಿಗಿಂತ ಕೆಳಗಿನ ಇ ಮೇಲೆ ಇಟ್ಟುಕೊಳ್ಳಿ. ಆಗ ಪಂಚಮ ಬಿ ಮೇಲೆ, ಅಂದರೆ ಮುರಿತದ ಕೆಳಗೆ ಬೀಳುತ್ತದೆ. ಮೇಲಿನ ಅಂತರ ಗಾಂಧಾರ ಜಿ ಶಾರ್ಪ್ ಮೇಲೆ, ಮುರಿತದ ಆಚೆ. ಪಂಚಮವನ್ನು 'ಓ' ಅಥವಾ 'ಆ' ಎಂದು ಎದೆಯ ದನಿಯಲ್ಲಿ ಹಿಡಿದು, ಅಲ್ಲಿಂದ ಒಂದೇ ನೆಗೆತಕ್ಕೆ ಗಾಂಧಾರವನ್ನು 'ಈ' ಎಂದು ಕಳ್ಳದನಿಯಲ್ಲಿ ಮುಟ್ಟಬೇಕು. ಸ್ವರಾಕ್ಷರ ಬದಲಾಗುವುದು ಅಲಂಕಾರಕ್ಕಲ್ಲ. 'ಆ', 'ಓ' ದಪ್ಪ ದನಿಗೆ ಒಗ್ಗುತ್ತವೆ, 'ಈ', 'ಊ' ಕಳ್ಳದನಿಗೆ. ನಿಧಾನಕ್ಕೆ ಎರಡು ಸ್ವರ ಸರಿಯಾಗಿ ಬಿದ್ದ ಮೇಲೆ ವೇಗ.

ತಪ್ಪುವುದು ಎಲ್ಲಿ ಅಂದರೆ, ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಕಲಿತವರಿಗೆ ಮೊದಲ ಅಡ್ಡಿ ಅವರ ಒಳ್ಳೆಯ ಅಭ್ಯಾಸವೇ. ಜಾರು, ಮೀಂಡ್ ಹಾಕಿ ಎರಡು ಸ್ವರಗಳನ್ನು ಬೆಸೆಯುವುದು ಅವರಿಗೆ ಉಸಿರಿನಷ್ಟು ಸಹಜ. ಬೆಸೆದ ಕೂಡಲೇ ಯೋಡಲ್ ಸತ್ತುಹೋಗುತ್ತದೆ, ಕೇಳುವವರಿಗೆ ಬರೀ ಕೊಂಕು ತಾನದಂತೆ ಕೇಳಿಸುತ್ತದೆ. ಎರಡನೆಯ ತಪ್ಪು, ಮೇಲಿನ ಸ್ವರಕ್ಕೆ ಹೆಚ್ಚು ಉಸಿರು ನೂಕುವುದು. ನೂಕಿದರೆ ತಂತು ತೆಳುವಾಗಲು ಒಪ್ಪುವುದಿಲ್ಲ, ಕಿರುಚಾಟವಾಗುತ್ತದೆ. ಮೇಲೆ ಹೋಗುವಾಗ ಉಸಿರಿನ ಒತ್ತಡ ತುಸು ಇಳಿಯಬೇಕು. ಮೂರನೆಯದು, ನೆಗೆತದ ನಡುವೆ ಗೊತ್ತಿಲ್ಲದೆ 'ಹ' ಸೇರಿಸುವುದು. ಗಾಳಿ ಸೋರಿ ಮುರಿತದ 'ಟಕ್' ಮಾಯ. ಗಂಟಲು ಒಡೆದಂತಾದರೆ ಆ ದಿನಕ್ಕೆ ನಿಲ್ಲಿಸಿ.

ಇದಕ್ಕೂ ಹಾಸ್ಯಕ್ಕೂ ನಂಟೇನೆಂದರೆ, ಆ ಮುರಿತ ಕೈಗೆ ಸಿಕ್ಕವನಿಗೆ ಒಂದೇ ಗಂಟಲಲ್ಲಿ ಇಬ್ಬರು ಸಿಗುತ್ತಾರೆ. 1962ರ 'ಹಾಫ್ ಟಿಕೆಟ್'ನಲ್ಲಿ ಇದು ಪೂರ್ಣವಾಗಿ ಫಲಿಸಿತು. ಹೆಣ್ಣುವೇಷದ ಕಿಶೋರ್, ಬೆನ್ನುಬಿದ್ದ ಖಳ ಪ್ರಾಣ್, ಇಬ್ಬರ ನಡುವೆ ಯುಗಳಗೀತೆ. ಹೆಣ್ಣಿನ ಭಾಗಕ್ಕೆ ಲತಾ ಮಂಗೇಶ್ಕರ್ ಹಾಡಬೇಕಿತ್ತು, ಅವರು ಸಿಗಲಿಲ್ಲ. ಎರಡನ್ನೂ ನಾನೇ ಹಾಡುತ್ತೇನೆ ಎಂದವರು ಕಿಶೋರ್. ಮೊದಲು ಇವರ ದನಿಗೆ ತಕರಾರು ತೆಗೆದಿದ್ದ ಅದೇ ಸಲಿಲ್ ಚೌಧರಿ ಒಪ್ಪಿದರು. ಫಲವಾಗಿ ತೆರೆಯ ಮೇಲಿನ ಗಂಡಿನ ದನಿ ಕಿಶೋರರದು, ದೇಹ ಪ್ರಾಣ್‌ರದು. ಹೆಣ್ಣಿನ ದನಿಯೂ ದೇಹವೂ ಕಿಶೋರರವೇ, ಆದರೆ ಎರಡೂ ಸುಳ್ಳು! ಹಾಡನ್ನು ಕಣ್ಣುಮುಚ್ಚಿ ಕೇಳಿದರೆ ಇನ್ನೊಂದು ಸೂಕ್ಷ್ಮ ಸಿಗುತ್ತದೆ. ಹೆಣ್ಣಿನ ಸಾಲುಗಳಲ್ಲಿ ಬದಲಾಗಿರುವುದು ಶ್ರುತಿ ಮಾತ್ರವಲ್ಲ, ಪದ ಉಚ್ಚರಿಸುವ ಬಾಯಿಯ ಆಕಾರವೇ ಕಿರಿದಾಗಿದೆ. ವೇದಿಕೆಯ ಮೇಲೆ ಇದನ್ನು ಹಾಡುವ ಹುಡುಗರು ಶ್ರುತಿ ಏರಿಸುತ್ತಾರೆ, ಬಾಯಿ ಬದಲಿಸುವುದಿಲ್ಲ. ಅದಕ್ಕೇ ಅದು ಮಿಮಿಕ್ರಿಯಂತೆ ಕೇಳಿಸುತ್ತದೆ. ಇನ್ನೊಂದು ವಿಷಯ, ಕಳ್ಳದನಿಗೆ ಗಾತ್ರ ಕಡಿಮೆ. ಆ ಸಾಲುಗಳಿಗೆ ಮೈಕಿಗೆ ಅರ್ಧ ಗೇಣು ಹತ್ತಿರ ಬಂದು, ಗಂಡಿನ ಸಾಲಿಗೆ ಹಿಂದೆ ಸರಿಯಿರಿ.

1968ರ 'ಪಡೋಸನ್' ಹಿನ್ನೆಲೆ ಗಾಯನ ಎಂಬ ವ್ಯವಸ್ಥೆಯನ್ನೇ ಕತೆ ಮಾಡಿಕೊಂಡ ಚಿತ್ರ. ಹಾಡಲು ಬಾರದ ಸುನಿಲ್ ದತ್ ಕಿಟಕಿಯಲ್ಲಿ ನಿಂತು ತುಟಿ ಆಡಿಸುತ್ತಾನೆ, ಮರೆಯಲ್ಲಿ ಪಾನ್ ಅಗಿಯುವ ನಾಟಕದ ಮೇಷ್ಟ್ರು ಕಿಶೋರ್ ಹಾಡುತ್ತಾರೆ. ಎದುರುಮನೆಯಲ್ಲಿ ದಕ್ಷಿಣದ ಸಂಗೀತ ಮೇಷ್ಟ್ರಾಗಿ ಮೆಹಮೂದ್, ಅವರಿಗೆ ಮನ್ನಾ ಡೇ ದನಿ. ಆರ್.ಡಿ. ಬರ್ಮನ್ ಸಂಗೀತದಲ್ಲಿ ಎರಡು ಕಡೆಯವರೂ ಪೈಪೋಟಿಗೆ ಹಾಡುವ ಜುಗಲ್‌ಬಂದಿಯ ಮೂಲ ಪಲ್ಲವಿ 1941ರ 'ಝೂಲಾ'ದಲ್ಲಿ ಅಣ್ಣ ಅಶೋಕ್ ಕುಮಾರ್ ಹಾಡಿದ್ದು. ವಿದ್ವತ್ತಿನಲ್ಲಿ ಮನ್ನಾ ಡೇ ಎಷ್ಟೋ ಮೇಲು, ಆದರೆ ಕತೆಗೆ ಸೋಲಬೇಕಾದವರು ಅವರೇ. ಸ್ವರ, ರಾಗ ಎಂದು ಎದುರಾಳಿ ಹಿಡಿದಾಗ ಕಿಶೋರ್ ಆಟದ ನಿಯಮವನ್ನೇ ಬದಲಿಸಿ ಗೆಲ್ಲುತ್ತಾರೆ. ಆ ಮೇಷ್ಟ್ರನ್ನು ಚಿತ್ರ ಚಿತ್ರಿಸಿದ ರೀತಿ ನಮ್ಮವರಿಗೆ ಈಗ ಅಷ್ಟು ರುಚಿಸಲಿಕ್ಕಿಲ್ಲ, ಅದು ಬೇರೆ ಮಾತು.

ಮರುವರ್ಷ 'ಆರಾಧನಾ' ಬಂತು. ರಾಜೇಶ್ ಖನ್ನಾಗೆ ದನಿಯಾದ ಮೇಲೆ ನಟ ಹಿಂದೆ ಸರಿದು ಗಾಯಕ ಮುಂದೆ ಬಂದ. ಎಂಟು ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಮೊದಲನೆಯದು ಆ ಚಿತ್ರದ ಹಾಡಿಗೆ. ಈ ಹಂತದಿಂದ ಜನ ಅವರನ್ನು ಎರಡು ಭಾಗ ಮಾಡಿ ನೋಡುತ್ತಾರೆ: ಆಗಿನ ಕೋಡಂಗಿ, ಈಗಿನ ಗಂಭೀರ ಗಾಯಕ. ನಾನು ಒಪ್ಪುವುದಿಲ್ಲ. ಖನ್ನಾಗೆ ಒಂದು ಬಗೆ, ದೇವ್ ಆನಂದ್‌ಗೆ ಇನ್ನೊಂದು, ಅಮಿತಾಭ್‌ಗೆ ಮತ್ತೊಂದು ಎಂದು ಶಾರೀರ ಬದಲಿಸುವ ಕಸುಬು ಹಾಫ್ ಟಿಕೆಟ್ಟಿನಲ್ಲಿ ಕಲಿತದ್ದೇ. ದೇಹ ಬೇರೆಯವರದು ಎಂಬುದನ್ನು ಮುಚ್ಚಿಟ್ಟರೆ ಹಿನ್ನೆಲೆ ಗಾಯನ, ಬಿಚ್ಚಿಟ್ಟರೆ ಹಾಸ್ಯ. ಗಾಂಭೀರ್ಯವೂ ಹೊಸದಲ್ಲ. 1964ರಲ್ಲೇ 'ದೂರ್ ಗಗನ್ ಕೀ ಛಾಂವ್ ಮೇಂ' ಎಂಬ ನಗುವಿಲ್ಲದ ಚಿತ್ರವನ್ನು ನಿರ್ಮಿಸಿ, ನಿರ್ದೇಶಿಸಿ, ಸಂಗೀತ ಕೊಟ್ಟು, ಮಗ ಅಮಿತ್ ಜೊತೆ ನಟಿಸಿದ್ದರು.

ಕನ್ನಡಕ್ಕೆ ಬಂದದ್ದು 1972ರಲ್ಲಿ, ದ್ವಾರಕೀಶ್ ಅವರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ, ರಾಜನ್-ನಾಗೇಂದ್ರ ಸಂಗೀತದಲ್ಲಿ. ಕಿಶೋರ್ ಹಾಡಿದ ಒಂದೇ ಕನ್ನಡ ಹಾಡು ಅದು. ಕುಳ್ಳ ದೇಹ, ಭಾರೀ ಕಂಠ: ಹೊಂದಿಕೆಯಾಗದ್ದೇ ಅಲ್ಲಿ ಹೊಂದಿಕೆ. 'ಆಡು ಆಟ ಆಡು' ಎಂಬ ಪಲ್ಲವಿ ಭಾಷೆ ಬಾರದವನ ಬಾಯಿಗೂ ಹೇಳಿಮಾಡಿಸಿದ್ದು. ಬಾಯ್ತುಂಬ ತೆರೆಯುವ 'ಆ' ಮೂರು ಬಾರಿ, ಹಿಂದಿಯಲ್ಲೂ ಇರುವ 'ಟ', 'ಡ', ಜೊತೆಗೆ ಹೊರಗಿನವರನ್ನು ಎಡವಿಸುವ 'ಳ' ಅಲ್ಲಿ ಇಲ್ಲ. ಹಿಂದಿಯವರಿಂದ ಕನ್ನಡ ಹಾಡಿಸುವ ಇಂದಿನವರು ಪದ ಹಾಕುವಾಗ ಇದನ್ನು ಗಮನಿಸಿದರೆ ನಮ್ಮ ಕಿವಿಗೆ ಎಷ್ಟೋ ಉಪಕಾರ.

ನಮ್ಮ ನಾಡಿನ ಇನ್ನೊಂದು ನಂಟು ಮದುವೆಯದು. ರೂಮಾ ಗುಹಾ ಠಾಕುರ್ತಾ, ಮಧುಬಾಲಾ, ಯೋಗಿತಾ ಬಾಲಿ ನಂತರ 1980ರಲ್ಲಿ ಕೈಹಿಡಿದ ಲೀನಾ ಚಂದಾವರ್ಕರ್ ಧಾರವಾಡದವರು. ಕಿಶೋರರ ವಿಕ್ಷಿಪ್ತತೆಯ ಕತೆಗಳು ನೂರಿವೆ, ಅರ್ಧಕ್ಕರ್ಧ ಕಟ್ಟುಕತೆಯಿರಬೇಕು. ದಾಖಲಾದದ್ದು ಒಂದು ಸಾಕು: ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೇಳಿದಂತೆ ಹಾಡಲು ಒಪ್ಪದ್ದಕ್ಕೆ 1976ರ ಮೇ ತಿಂಗಳಿಂದ ಆಕಾಶವಾಣಿ, ದೂರದರ್ಶನಗಳಲ್ಲಿ ಅವರ ಹಾಡು ನಿಂತಿತು. 1987ರ ಅಕ್ಟೋಬರ್ 12ರಂದು ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಗಾಗಿ ಆಶಾ ಭೋಸ್ಲೆ ಜೊತೆ ಕೊನೆಯ ಹಾಡು ಮುದ್ರಿಸಿದರು. ಮಾರನೆಯ ದಿನ, ಅಶೋಕ್ ಕುಮಾರ್ ಹುಟ್ಟುಹಬ್ಬದಂದು, ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆ ಖಂಡ್ವಾದಲ್ಲಿ ನಡೆಯಿತು.

ಆರ್ಕೆಸ್ಟ್ರಾಗಳಲ್ಲಿ ಕಿಶೋರ್ ಹಾಡುವವರಿಗೆ ಕೊನೆಯದಾಗಿ ಒಂದು ಮಾತು. ಹೆಚ್ಚಿನವರು ಎಪ್ಪತ್ತರ ದಶಕದ ಆ ದಪ್ಪ ದನಿಯನ್ನು ನಾಲಿಗೆಯ ಬುಡ ಒತ್ತಿ ಅನುಕರಿಸುತ್ತಾರೆ. ಮೂರು ಹಾಡಿಗೆ ಗಂಟಲು ಕೂರುತ್ತದೆ, ಮೇಲಿನ ಸ್ವರ ಚಪ್ಪಟೆಯಾಗುತ್ತದೆ. ಮೊದಲು ಪಲ್ಲವಿಯನ್ನು ಮಾತಿನಂತೆ, ಶ್ರುತಿ ಇಲ್ಲದೆ, ಪಾತ್ರದ ಬಾಯಲ್ಲಿ ಹೇಳಿ ನೋಡಿ. ಎಲ್ಲಿ ಉಸಿರು ಬೀಳುತ್ತದೆ, ಯಾವ ಅಕ್ಷರಕ್ಕೆ ಒತ್ತು ಎಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಅದೇ ಉಸಿರಿನ ಜಾಗಗಳನ್ನು ಇಟ್ಟುಕೊಂಡು ಸ್ವರ ಸೇರಿಸಿ, ಶ್ರುತಿಯನ್ನು ನಿಮ್ಮ ಕಂಠಕ್ಕೆ ತಕ್ಕಂತೆ ಒಂದು ಮನೆ ಏರಿಸಿಯೋ ಇಳಿಸಿಯೋ ಹಾಡಿ.