ಜೈಲಿಗೆ ಹೋಗಿ ಅವರ ಹತ್ರ ಏನು ಮಾತಾಡ್ತೀರಿ?

"ಸಂಬಂಧಾನೇ ಇಲ್ಲದ ಕೈದಿಗಳನ್ನು ನೋಡೋಕೆ ಹೋಗ್ತೀರಲ್ಲ, ಏನು ಉಪಯೋಗ?" ಧಾರವಾಡ ಸೆಂಟ್ರಲ್ ಜೈಲಿಗೆ ಹೋಗಿ ಬರ್ತೀನಿ ಅಂತ ಗೊತ್ತಾದವರೆಲ್ಲ ಇದನ್ನೇ ಕೇಳ್ತಾರೆ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ.

ಅಂಥ ದೊಡ್ಡ ಕೆಲಸ ಏನಿಲ್ಲ. ಮಳೆ ಆಯ್ತಾ, ಶೇಂಗಾ ರೇಟ್ ಎಷ್ಟು, ಇಂಥವೇ ಮಾತು. ಬುದ್ಧಿವಾದ ಶುರು ಮಾಡಿದ ದಿನ ಎದುರಿಗಿದ್ದವರು ಸುಮ್ನೆ ತಲೆಯಾಡಿಸ್ತಾರೆ, ಅಷ್ಟೇ. ಹಾವೇರಿ ಕಡೆಯವರೊಬ್ಬರಿದ್ದರು. ತಾಯಿ ತೀರಿಕೊಂಡ ಮೇಲೆ ಅವರನ್ನು ನೋಡೋಕೆ ಯಾರೂ ಬಂದಿರಲಿಲ್ಲ. ನಾನು ಮೊದಲ ಸಲ ಹೋದಾಗ "ಯಾರೋ ತಪ್ಪಿ ನನ್ನ ಹೆಸರ ಕೂಗ್ಯಾರ ಅಂದ್ಕೊಂಡೆ ರೀ" ಅಂದರು. ಮೂರನೇ ಸಲಕ್ಕೆ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಅಂಗಿಯ ಗುಂಡಿ ಎಲ್ಲ ಹಾಕ್ಕೊಂಡು ಬಂದಿದ್ದರು.

ನನ್ನ ಮಾತು ಬೇಡ, ಲೆಕ್ಕ ಕೇಳಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಬಂದಿಖಾನೆ ಇಲಾಖೆ, 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಜನರ ದಾಖಲೆ ಜಾಲಾಡಿ 2011ರಲ್ಲಿ ಒಂದು ವರದಿ ಕೊಟ್ಟಿತು. ಒಳಗಿದ್ದಾಗ ಯಾರಾದರೂ ಭೇಟಿಗೆ ಬಂದಿದ್ದರೆ, ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗುವ ಸಾಧ್ಯತೆ ಶೇಕಡಾ 13ರಷ್ಟು ಕಡಿಮೆ. ಅಪ್ಪ, ಒಡಹುಟ್ಟಿದವರು, ಪಾದ್ರಿ ಬಂದರೆ ಒಳ್ಳೆಯದು. ಡೈವೋರ್ಸ್ ಆದ ಗಂಡನೋ ಹೆಂಡತಿಯೋ ಬಂದರೆ ಉಲ್ಟಾ! (ಇದನ್ನು ಓದಿ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು.) ಒಳ್ಳೆ ನಂಟರಿದ್ದವರು ಹೇಗೂ ದಾರಿಗೆ ಬರ್ತಾರೆ ಅಲ್ವಾ ಅಂದರೆ, ಅದೂ ನಿಜಾನೇ. ನಂಟರೇ ಇಲ್ಲದವರ ಹತ್ರ ನಾವು ಹೋಗೋದು ಅದಕ್ಕೇ.

ಆದರೆ ಜಾಸ್ತಿ ಕೆಲಸ ಇರೋದು ಬಿಡುಗಡೆಯ ದಿನ. ಆ ಹಾವೇರಿಯವರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದರು. ಒಳಗೆ ಹೋದಾಗ ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡೋ ಚಿಗರಿ ಬಸ್ಸೇ ಇರಲಿಲ್ಲ. ಅದರ ನಿಲ್ದಾಣದಲ್ಲಿ ಟಿಕೆಟ್ ತೋರಿಸಿದರೆ ತೆಗೆಯುವ ಗೇಟಿನ ಮುಂದೆ ಗೊತ್ತಾಗದೆ ನಿಂತರು, ಹಿಂದಿದ್ದವರು ಗೊಣಗಿದ ಕೂಡಲೇ "ನೀವು ಮುಂದ ಹೋಗ್ರಿ" ಅಂತ ಪಕ್ಕಕ್ಕೆ ಸರಿದು ಗೋಡೆಗೆ ಆತು ನಿಂತುಬಿಟ್ಟರು. ಹುಬ್ಬಳ್ಳಿ ಬರೋತನಕ ಮಾತಿಲ್ಲ. ಅಲ್ಲಿ ಪರಿಚಯದವರ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಮೊದಲೇ ಹೇಳಿಟ್ಟಿದ್ದೆ, ಎಲ್ಲಿಂದ ಬರ್ತಿದ್ದಾರೆ ಅನ್ನೋದನ್ನೂ ಮುಚ್ಚಿಟ್ಟಿರಲಿಲ್ಲ. ಇವತ್ತಿಗೂ ಅಲ್ಲೇ ಇದ್ದಾರೆ.

ಎಲ್ಲರದ್ದೂ ಹೀಗೇ ಆಗಲ್ಲ. ಇನ್ನೊಬ್ಬ ಹುಡುಗ ನಾಲ್ಕೇ ತಿಂಗಳಿಗೆ ಮತ್ತೆ ಒಳಗೆ ಹೋದ. ಅವನನ್ನೂ ನೋಡೋಕೆ ಹೋಗ್ತೀನಿ. ಮುಖ ಎತ್ತುತ್ತಿರಲಿಲ್ಲ. ಮೊನ್ನೆ ತಾನಾಗೇ ಕೇಳಿದ, "ಶೇಂಗಾ ರೇಟ್ ಏರೇತೇನ್ರಿ?"