ಆನೆಯ ಬಾಲ ಮೊದಲು ಒಣಗಿತು

ಮಾರ್ಚ್ 20, 2025, ಗುರುವಾರ
ಮಲ್ಲೇಶ್ವರ, ಬೆಂಗಳೂರು

ನಾಡಿದ್ದು ವಿಶ್ವ ಜಲ ದಿನ. ಪ್ರತಿ ವರ್ಷ ಈ ವಾರ ನಮ್ಮ ಶಿಶುವಿಹಾರದ ಗೋಡೆಗೆ ‘ನೀರು ಅಮೂಲ್ಯ’ ಎಂಬ ಚಾರ್ಟ್ ಅಂಟಿಸಿ, ಮಕ್ಕಳಿಂದ ಅದನ್ನೇ ಹತ್ತು ಸಲ ಹೇಳಿಸುತ್ತಿದ್ದೆ. ಮೂರೂವರೆ ವರ್ಷದ ಮಗುವಿಗೆ ಆ ಮಾತಿನಿಂದ ಏನು ಸಿಗುತ್ತದೆ? ಈ ಸಲ ಚಾರ್ಟ್ ಬೇಡವೆಂದು ನಿರ್ಧರಿಸಿದೆ.

ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಎರಡು ಅಗಲವಾದ ಟಬ್ ಇಟ್ಟು, ಎರಡಕ್ಕೂ ಸೇರಿ ಒಂದು ಬಕೆಟ್ ನೀರು ಸುರಿದೆವು. ನಾಲ್ಕು ಬೆರಳಿನಷ್ಟು ಆಳವೂ ಇರಲಿಲ್ಲ. ಆದರೂ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕುಳಿತ ಜಾಗ ಬಿಟ್ಟು ಏಳಲಿಲ್ಲ. ಪುಟ್ಟ ಮಕ್ಕಳು ಅಷ್ಟು ನೀರಿನಲ್ಲೂ ಸದ್ದಿಲ್ಲದೆ ಮುಳುಗಿಬಿಡಬಹುದು. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಹುಣಸೆಬೀಜ, ತೆಂಗಿನ ಚಿಪ್ಪು, ಚಮಚ ಎಲ್ಲ ಒಂದೊಂದಾಗಿ ನೀರಿಗೆ ಬಿದ್ದವು. ಕಿತ್ತಳೆ ತೇಲಿತು. ಒಬ್ಬಳು ಅದನ್ನು ಎತ್ತಿಕೊಂಡು, ಕಷ್ಟಪಟ್ಟು ಸಿಪ್ಪೆ ಸುಲಿದು, ಮತ್ತೆ ನೀರಿಗೆ ಬಿಟ್ಟಳು. ಹಣ್ಣು ತಳ ಸೇರಿತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದವಳು ಸಿಪ್ಪೆಯ ಚೂರೊಂದನ್ನು ಹಾಕಿದಳು. ಅದು ತೇಲಿತು. “ಸಿಪ್ಪೆಯೇ ಹಣ್ಣನ್ನು ಎತ್ತಿಕೊಂಡಿತ್ತು, ಮಿಸ್” ಎಂದಳು. ಸಿಪ್ಪೆಯ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತದೆ ಎಂದು ಹೇಳಲು ಬಾಯಿ ತೆರೆದವಳು ತಡೆದುಕೊಂಡೆ. ಅವಳು ಆಗಲೇ ಅಲ್ಲಿಗೆ ತಲುಪಿದ್ದಳಲ್ಲ!

ಚೊಂಬಿನ ನೀರನ್ನು ಉದ್ದನೆಯ ಲೋಟಕ್ಕೆ ಸುರಿದಾಗ ಎಲ್ಲರೂ “ಜಾಸ್ತಿಯಾಯಿತು” ಎಂದು ಕೂಗಿದರು. ಸುಮಾರು ಏಳು ವರ್ಷದವರೆಗೆ ಮಕ್ಕಳು ಎತ್ತರವನ್ನು ನೋಡಿಯೇ ಹೀಗೆ ಅಳೆಯುತ್ತಾರೆಂದು ಮನಶ್ಶಾಸ್ತ್ರಜ್ಞ ಪಿಯಾಜೆ ಬಹಳ ಹಿಂದೆಯೇ ತೋರಿಸಿದ್ದಾರೆ. ನಾನು ತಿದ್ದಲು ಹೋಗಲಿಲ್ಲ.

ಆಮೇಲೆ ಒದ್ದೆ ಬ್ರಷ್ ಕೊಟ್ಟು ಸಿಮೆಂಟ್ ನೆಲದ ಮೇಲೆ ಚಿತ್ರ ಬರೆಯಲು ಬಿಟ್ಟೆ. ನಾಲ್ಕು ವರ್ಷದ ಹುಡುಗನೊಬ್ಬ ದೊಡ್ಡ ಆನೆ ಬರೆದ. ಸೊಂಡಿಲು ಮುಗಿಯುವಷ್ಟರಲ್ಲಿ ಬಾಲ ಮಾಯ. ಬಾಲ ಬರೆದು ಬಂದರೆ ಕಿವಿ ಇಲ್ಲ. ಅವನ ಕಣ್ಣಲ್ಲಿ ನೀರು ಬಂತು. “ಎಲ್ಲಿಗೆ ಹೋಯಿತು?” ಎಂದು ನೆಲವನ್ನು ಅಂಗೈಯಿಂದ ಸವರಿ ನೋಡಿದ. “ನೆಲ ಬಿಸಿ ಇದೆ” ಎಂದ. ನಂತರ ಬ್ರಷ್ ಹಿಡಿದು ಸಂಪಿಗೆ ಮರದ ನೆರಳಿಗೆ ಹೋಗಿ ಅಲ್ಲಿ ಬರೆದ. ಆ ಆನೆ ಬಹಳ ಹೊತ್ತು ಉಳಿಯಿತು. ‘ಆವಿ’ ಎಂಬ ಪದವನ್ನು ನಾಳೆ ಹೇಳಿಕೊಡುತ್ತೇನೆ. ಅದಕ್ಕೆ ಈಗ ಒಂದು ಜಾಗ ಸಿಕ್ಕಿದೆ.

ಮಧ್ಯಾಹ್ನ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಬೇಸರಪಟ್ಟುಕೊಂಡರು. “ಹೋದ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸಾಕಾಗಿದೆ. ನೀರಿನಲ್ಲಿ ಆಟವೇನಮ್ಮ?” ಅವರ ಮಾತು ನ್ಯಾಯವೇ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಪಂಪ್ ಮಾಡಿ ತಂದ ಕಾವೇರಿ ಅದು. ಮಕ್ಕಳೇ ಟಬ್ಬಿನ ನೀರನ್ನು ಲೋಟ ಲೋಟವಾಗಿ ಮೊಗೆದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದುದನ್ನು ತೋರಿಸಿದೆ. ಅವರು ಒಂದಷ್ಟು ಹೊತ್ತು ನಿಂತು ನೋಡಿ, “ಬುಡಕ್ಕೆ ಹಾಕು ಕಂದ, ಎಲೆಗಲ್ಲ” ಎಂದು ತಾವೂ ಬಗ್ಗಿದರು.

ಕೈ ತೊಳೆಯುವ ನಲ್ಲಿ ವಾರದಿಂದ ತೊಟ್ಟಿಕ್ಕುತ್ತಿದೆ. ದೊಡ್ಡವರಾದ ನಾವು ಯಾರೂ ಗಮನ ಕೊಟ್ಟಿರಲಿಲ್ಲ. ಕಿತ್ತಳೆ ಸುಲಿದವಳೇ ಇಂದು ಅದರ ಕೆಳಗೆ ಚೊಂಬು ಇಟ್ಟಳು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಅರ್ಧ ತುಂಬಿತ್ತು. ಪ್ಲಂಬರ್‌ಗೆ ಹೇಳಿದ್ದೇನೆ, ನಾಳೆ ಬರುತ್ತಾನೆ ಎಂದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತ ತಲೆ ಎತ್ತಿ, “ಚೊಂಬು ತುಂಬುವುದನ್ನು ನಾನು ನೋಡಿದ ಮೇಲೆ ಬರಲಿ” ಎಂದಳು.